ಮಲಗಿದ ಮುಖಕ್ಕೆ ಒಪ್ಪುವ ಮಾಸ್ಕ್

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ನಮ್ಮ ಅತ್ತೆಯವರಿಗೆ 61 ವರ್ಷ. ಬಹಳ ಕಾಲದಿಂದ ಜೋರು ಗೊರಕೆ, ಹಗಲಲ್ಲಿ ಕೂತಲ್ಲೇ ತೂಕಡಿಕೆ. ಮೂರು ತಿಂಗಳ ಹಿಂದೆ ನಿದ್ರೆಯ ಪರೀಕ್ಷೆ ಮಾಡಿಸಿದಾಗ ಎಎಚ್‌ಐ 38 ಎಂದು ಬಂತು. ನಿದ್ದೆಯಲ್ಲಿ ಉಸಿರುದಾರಿ ಮುಚ್ಚದಂತೆ ಒತ್ತಡದಿಂದ ಗಾಳಿ ಊದುವ ಸಿಪ್ಯಾಪ್ ಯಂತ್ರವನ್ನೂ ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕನ್ನೂ ಕೊಂಡೆವು. ಮಲಗುವಾಗ ಎಲ್ಲ ಸರಿಯಾಗಿರುತ್ತದೆ. ರಾತ್ರಿ ಒಂದು, ಎರಡು ಗಂಟೆಯ ಹೊತ್ತಿಗೆ ಬುಸ್ ಎಂದು ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ, ಅವರು ಕಿತ್ತಿಡುತ್ತಾರೆ. ಪಟ್ಟಿ ಎಷ್ಟು ಬಿಗಿದರೂ ಸೋರಿಕೆ ನಿಲ್ಲುತ್ತಿಲ್ಲ, ಮೂಗಿನ ಮೇಲೆ ಗಾಯವಾಗಿದೆ. ಅವರಿಗೆ ಹಲ್ಲಿನ ಸೆಟ್ಟಿದೆ, ಮೂಗುತಿ ಇದೆ. ಅಂಗಡಿಯವರು ‘ಅಭ್ಯಾಸವಾಗುತ್ತದೆ’ ಎನ್ನುತ್ತಾರೆ. ಬೇರೆ ಮಾಸ್ಕ್ ಕೊಳ್ಳಬೇಕೇ? ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವುದು ಆದೀತೇ?

ಉತ್ತರ: ನಿಮ್ಮ ಅತ್ತೆ ಮಾಸ್ಕ್ ಕಿತ್ತಿಡುವುದು ಹಟದಿಂದಲ್ಲ. ಗಾಯವಾದ ಮೂಗಿನ ಮೇಲೆ ಅದೇ ವಸ್ತುವನ್ನು ಒತ್ತಿಟ್ಟುಕೊಂಡು, ಕಣ್ಣಿಗೆ ಗಾಳಿ ಊದಿಸಿಕೊಂಡು ಯಾರೂ ನಿದ್ದೆ ಮಾಡಲಾರರು. ಗಾಳಿಯ ಒತ್ತಡ, ಕೊಳವೆ, ಮುಖದ ಮೇಲೆ ಏನೋ ಕೂತಿದೆ ಎಂಬ ಭಾವ, ಇವು ಕೆಲವು ವಾರಗಳಲ್ಲಿ ಅಭ್ಯಾಸವಾಗುತ್ತವೆ, ನಿಜ. ನೋವು, ಗಾಯ, ಸೋರಿಕೆ ಆ ಜಾತಿಗೆ ಸೇರಿದವಲ್ಲ. ಅವು ಮಾಸ್ಕ್ ಒಪ್ಪಿಲ್ಲ ಎಂಬುದರ ಗುರುತು. ಚಿಕ್ಕಬಳ್ಳಾಪುರದಲ್ಲಿ ನಾನು ಹಲವು ವರ್ಷಗಳಿಂದ ಮಾಡುತ್ತಿರುವ ಕೆಲಸವೇ ಇದು: ರಾತ್ರಿಪಾಳಿಯಲ್ಲಿ ಕೂತು ಜನರ ನಿದ್ದೆಯನ್ನು ಅಳೆಯುವುದು, ಅವರ ಮುಖಕ್ಕೆ ಮಾಸ್ಕ್ ಕೂರಿಸುವುದು. ನಿಮ್ಮದೇ ಮಾತುಗಳನ್ನು ಎಷ್ಟೋ ಮನೆಯವರ ಬಾಯಲ್ಲಿ ಕೇಳಿದ್ದೇನೆ. ಅವರಲ್ಲಿ ಹೆಚ್ಚಿನವರ ತೊಂದರೆ ಬಗೆಹರಿದಿದೆ.

ಹಾಗೆಂದು ಯಂತ್ರವನ್ನೇ ಅಟ್ಟಕ್ಕೆ ಹಾಕುವ ಹಾಗಿಲ್ಲ. ಎಎಚ್‌ಐ 38 ಎಂದರೆ ನಿದ್ದೆಯ ಒಂದೊಂದು ಗಂಟೆಯಲ್ಲೂ ಸರಾಸರಿ 38 ಸಲ ಅವರ ಉಸಿರು ನಿಂತಿದೆ ಅಥವಾ ತೀರಾ ಕುಗ್ಗಿದೆ, ಪ್ರತಿ ಸಲವೂ ಕನಿಷ್ಠ 10 ಸೆಕೆಂಡಿನಷ್ಟು. ಒಂದೂವರೆ ನಿಮಿಷಕ್ಕೊಮ್ಮೆ ಕುತ್ತಿಗೆ ಹಿಸುಕಿಸಿಕೊಂಡು ಎದ್ದಂತೆ. 30 ದಾಟಿದರೆ ಅದನ್ನು ತೀವ್ರ ಎಂದೇ ಕರೆಯುತ್ತೇವೆ. ಹಗಲಿನ ತೂಕಡಿಕೆಯ ಮೂಲ ಅಲ್ಲಿದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ರಕ್ತದೊತ್ತಡ ಏರುತ್ತದೆ, ಹೃದಯದ ಮೇಲೆ ಹೊರೆ ಬೀಳುತ್ತದೆ. ಆದ್ದರಿಂದ ಚಿಕಿತ್ಸೆ ಮುಂದುವರಿಯಲಿ, ಬದಲಾಗಬೇಕಾದದ್ದು ಮಾಸ್ಕ್ ಮತ್ತು ಅದನ್ನು ಕೂರಿಸುವ ರೀತಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದು ಸಾಲು: ‘ಮಲಗುವಾಗ ಎಲ್ಲ ಸರಿಯಾಗಿರುತ್ತದೆ.’ ಅತ್ತೆಗೆ ಮಾಸ್ಕ್ ಅಳತೆ ನೋಡಿದ್ದು ಹೇಗೆ, ನೆನಪು ಮಾಡಿಕೊಳ್ಳಿ. ಬಹುಶಃ ಹಗಲು ಹೊತ್ತು, ಕುರ್ಚಿಯ ಮೇಲೆ ಕೂರಿಸಿ, ಬಾಯಲ್ಲಿ ಹಲ್ಲಿನ ಸೆಟ್ಟಿದ್ದಾಗ, ತುರುಬು ಕಟ್ಟಿಕೊಂಡಿದ್ದಾಗ, ಯಂತ್ರವನ್ನು ಚಾಲೂ ಮಾಡದೆ. ಅದು ಅವರ ಹಗಲಿನ ಮುಖ. ಮಾಸ್ಕ್ ಕೆಲಸ ಮಾಡಬೇಕಾದದ್ದು ರಾತ್ರಿಯ ಮುಖದ ಮೇಲೆ, ಅದು ಬೇರೆಯೇ ಮುಖ. ಮಲಗಿದಾಗ ಕೆನ್ನೆ ಹಿಂದಕ್ಕೆ ಜಾರುತ್ತದೆ, ದವಡೆ ಸಡಿಲವಾಗುತ್ತದೆ, ಮುಖ ಸ್ವಲ್ಪ ಊದಿಕೊಳ್ಳುತ್ತದೆ. ಸೆಟ್ಟು ತೆಗೆದಿಟ್ಟರಂತೂ ತುಟಿಯ ಎರಡು ಬದಿಯೂ ಒಳಕ್ಕೆ ಹೋಗುತ್ತದೆ.

ಒಬ್ಬ ತಾಯಿಯನ್ನು ನಾನು ಮರೆಯಲಾರೆ. ಎರಡು ತಿಂಗಳು ಮಾಸ್ಕಿನೊಂದಿಗೆ ಹೆಣಗಿ ಬಂದಿದ್ದರು. ಕೂತಾಗ ಒಂದಿಷ್ಟೂ ಸೋರಲಿಲ್ಲ. ‘ಮನೆಯಲ್ಲಿ ಮಲಗುವಂತೆಯೇ ಮಲಗಿ’ ಎಂದೆ. ಅವರು ಸೆರಗಿನ ಮರೆಯಲ್ಲಿ ಸೆಟ್ಟು ತೆಗೆದು ಸ್ಟೀಲ್ ಲೋಟದ ನೀರಿಗೆ ಹಾಕಿ, ಎಡಕ್ಕೆ ಹೊರಳಿ ಮಲಗಿದರು. ಯಂತ್ರ ಹಾಕಿದೊಡನೆ ಬಾಯಿಯ ಎರಡೂ ಮೂಲೆಯಿಂದ ಗಾಳಿ ಸಿಳ್ಳೆ ಹೊಡೆಯತೊಡಗಿತು. ಅವರಿಗೆ ಹಲ್ಲಿನ ಸೆಟ್ಟಿದೆ ಎಂಬುದೇ ಅಲ್ಲಿಯವರೆಗೆ ಮಾಸ್ಕ್ ಕೊಟ್ಟ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ.

ಇನ್ನು ರಾತ್ರಿ ಒಂದು, ಎರಡು ಗಂಟೆಯ ವಿಚಾರ. ಅದಕ್ಕೂ ಕಾರಣವಿದೆ. ಸಿಪ್ಯಾಪ್ ಒತ್ತಡವನ್ನು ನೀರಿನ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ, ಸಾಮಾನ್ಯ ಯಂತ್ರಗಳು 4ರಿಂದ 20ರವರೆಗೆ ಕೊಡಬಲ್ಲವು. ಮಲಗಿದ ಕೂಡಲೇ ಒತ್ತಡ ಹೆಚ್ಚಾಗಿ ಕಡಿಮೆಯಲ್ಲಿ ಶುರುವಾಗುತ್ತದೆ, ‘ರ‍್ಯಾಂಪ್’ ಎಂಬ ಏರ್ಪಾಡು ಅದನ್ನು ನಿಧಾನವಾಗಿ ಏರಿಸುತ್ತದೆ. ನಡುರಾತ್ರಿ ಕಳೆದಂತೆ ಕನಸಿನ ನಿದ್ದೆಯ ಪಾಲು ಹೆಚ್ಚಾಗುತ್ತದೆ. ಆಗ ಗಂಟಲಿನ ಸ್ನಾಯುಗಳು ಇನ್ನಷ್ಟು ಸಡಿಲವಾಗಿ ಉಸಿರುದಾರಿ ಹೆಚ್ಚು ಮುಚ್ಚುತ್ತದೆ. ಆಟೋ ಯಂತ್ರವಾದರೆ ಅದನ್ನು ತೆರೆಯಲು ಒತ್ತಡ ಏರಿಸುತ್ತದೆ. ಅದೇ ಹೊತ್ತಿಗೆ ಬಾಯಿಯೂ ಬಿಡುತ್ತದೆ. ಹತ್ತು ಗಂಟೆಗೆ 5ರ ಒತ್ತಡದಲ್ಲಿ ಸುಮ್ಮನಿದ್ದ ಮಾಸ್ಕ್ ಎರಡು ಗಂಟೆಗೆ 11ರಲ್ಲಿ ಎದ್ದು ಕೂರುತ್ತದೆ.

ಹಾಗಾದರೆ ಬಿಗಿ ಮಾಡಿದರೆ ನಿಲ್ಲಬೇಕಲ್ಲವೇ? ನಿಲ್ಲುವುದಿಲ್ಲ. ಮಾಸ್ಕಿನ ಅಂಚಿನಲ್ಲಿ ಇರುವ ಸಿಲಿಕೋನ್ ಮೆತ್ತೆ, ಅಂದರೆ ಕುಶನ್, ಬಹುಪಾಲು ಎರಡು ಪದರದ್ದು. ಹೊರಗಿನ ತೆಳು ಪದರ ಗಾಳಿ ತುಂಬಿದ ಪೂರಿಯ ಹಾಗೆ ಉಬ್ಬಿ ಚರ್ಮಕ್ಕೆ ಅಂಟಬೇಕು, ಸೋರಿಕೆ ತಡೆಯುವುದು ಆ ಉಬ್ಬು. ಪಟ್ಟಿ ಬಿಗಿದಾಗ ನಾವು ಪೂರಿಯನ್ನು ಅಂಗೈಯಿಂದ ಒತ್ತುತ್ತೇವೆ. ಪದರ ಮಡಚಿಕೊಳ್ಳುತ್ತದೆ, ಮಡಿಕೆಯ ಸಂದಿಯಿಂದ ಗಾಳಿ ನುಗ್ಗುತ್ತದೆ, ಇನ್ನಷ್ಟು ಬಿಗಿಯುತ್ತೇವೆ, ಕನ್ನಡಕ ಕೂರುವ ಜಾಗದಲ್ಲಿ ಮೂಳೆಯ ಮೇಲಿನ ತೆಳು ಚರ್ಮ ಕಿತ್ತುಹೋಗುತ್ತದೆ. ಅತ್ತೆಯವರ ಗಾಯ ಅಲ್ಲಿಂದ ಬಂದಿರುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಕಾಣುವ ಕೆಂಪು ಗೆರೆ ಅರ್ಧ ಗಂಟೆಯಲ್ಲಿ ಮಾಯವಾದರೆ ಚಿಂತೆಯಿಲ್ಲ. ಮಧ್ಯಾಹ್ನದವರೆಗೆ ಉಳಿದರೆ, ಚರ್ಮ ಒಡೆದರೆ, ಆ ಜಾಗದ ಮೇಲೆ ಮತ್ತೆ ಒತ್ತಡ ಬೀಳಬಾರದು. ಹತ್ತಿ ಇಟ್ಟು ಅದರ ಮೇಲೆ ಮಾಸ್ಕ್ ಕಟ್ಟಬೇಡಿ. ಹತ್ತಿಯ ಸಂದಿಯಲ್ಲಿ ಸೋರಿಕೆ ಹೆಚ್ಚಾಗುತ್ತದೆ, ಗಾಯವೂ ಮಾಗುವುದಿಲ್ಲ.

ಈಗ ಇರುವ ಮಾಸ್ಕನ್ನೇ ಒಂದು ಸಲ ಸರಿಯಾಗಿ ಕೂರಿಸಿ ನೋಡೋಣ. ಗಾಯ ಆರದಿದ್ದರೆ ಇದನ್ನು ಕೆಲವು ನಿಮಿಷದ ಪರೀಕ್ಷೆಗಷ್ಟೇ ಇಟ್ಟುಕೊಳ್ಳಿ. ಮೊದಲು ಮುಖ ತೊಳೆಯಬೇಕು. ತಲೆಗೆ ಹಚ್ಚಿದ ಎಣ್ಣೆ ಹಣೆಗೆ, ಕೆನ್ನೆಗೆ ಇಳಿದಿರುತ್ತದೆ, ಸಂಜೆ ಅರಿಶಿನ ಹಚ್ಚುವ ರೂಢಿಯೂ ಇರಬಹುದು. ಎಣ್ಣೆಯ ಮೇಲೆ ಸಿಲಿಕೋನ್ ಜಾರುತ್ತದೆ. ಆಮೇಲೆ ಸೆಟ್ಟು ತೆಗೆದು ಮಲಗುವುದಾದರೆ ತೆಗೆಯಲಿ, ಜಡೆ ಹೇಗಿರುತ್ತದೋ ಹಾಗಿರಲಿ, ಅವರದೇ ದಿಂಬಿನ ಮೇಲೆ ಅವರು ಮಲಗುವ ಮಗ್ಗುಲಿಗೇ ಮಲಗಲಿ. ಪಟ್ಟಿಗಳನ್ನೆಲ್ಲ ಸಡಿಲ ಬಿಡಿ. ಯಂತ್ರ ಹಾಕಿ. ಹಲವು ಯಂತ್ರಗಳಲ್ಲಿ ‘ಮಾಸ್ಕ್ ಫಿಟ್’ ಎಂಬ ಆಯ್ಕೆ ಇರುತ್ತದೆ, ಅದು ಸ್ವಲ್ಪ ಹೊತ್ತು ಚಿಕಿತ್ಸೆಯ ಒತ್ತಡದಲ್ಲೇ ಗಾಳಿ ಕೊಡುತ್ತದೆ. ಇಲ್ಲದಿದ್ದರೆ ರ‍್ಯಾಂಪ್ ನಿಲ್ಲಿಸುವುದು ಹೇಗೆಂದು ಯಂತ್ರ ಕೊಟ್ಟವರಿಂದ ತಿಳಿದುಕೊಳ್ಳಿ. ಒತ್ತಡದ ಅಂಕಿಯನ್ನು ಮಾತ್ರ ನೀವಾಗಿ ಬದಲಿಸಬೇಡಿ.

ಗಾಳಿ ಬರುತ್ತಿರುವಾಗ ಎಡ ಬಲ ಪಟ್ಟಿಗಳನ್ನು ಒಟ್ಟಿಗೆ, ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಬನ್ನಿ. ಸೋರಿಕೆ ನಿಂತ ಕ್ಷಣ ಕೈ ಬಿಡಿ. ಪಟ್ಟಿಯ ಅಡಿ ಒಂದೆರಡು ಬೆರಳು ಸಲೀಸಾಗಿ ತೂರಬೇಕು. ಕೊನೆಗೆ ಮಾಸ್ಕನ್ನು ಮುಖದಿಂದ ಒಂದಿಷ್ಟು ಮುಂದಕ್ಕೆ ಎಳೆದು ಬಿಡಿ, ಕುಶನ್ ಉಬ್ಬಿಕೊಂಡು ತಾನೇ ತನ್ನ ಜಾಗ ಹಿಡಿಯುತ್ತದೆ. ನಿಮ್ಮ ಬೆರಳನ್ನು ನೀರಿನಲ್ಲಿ ಅದ್ದಿ ಕುಶನ್ನಿನ ಸುತ್ತ ನಿಧಾನವಾಗಿ ಆಡಿಸಿ. ಸೋರುವ ಕಡೆ ಬೆರಳು ತಣ್ಣಗಾಗುತ್ತದೆ. ಅತ್ತೆ ಆ ಮಗ್ಗುಲಿಗೆ, ಈ ಮಗ್ಗುಲಿಗೆ ಹೊರಳಲಿ, ಬಾಯಿ ಸ್ವಲ್ಪ ತೆರೆಯಲಿ, ಮತ್ತೆ ನೋಡಿ. ರಾತ್ರಿ ಸೋರಿದಾಗಲೂ ಪಟ್ಟಿಗೆ ಕೈ ಹಾಕುವ ಬದಲು ಹೀಗೆ ಒಮ್ಮೆ ಎತ್ತಿ ಕೂರಿಸಿದರೆ ಎಷ್ಟೋ ಸಲ ಸಾಕಾಗುತ್ತದೆ.

ಒಂದು ಗಾಳಿಯನ್ನು ಮಾತ್ರ ತಡೆಯಬಾರದು. ಮಾಸ್ಕಿನ ಮುಂಭಾಗದಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಬಿಟ್ಟ ಉಸಿರು ಹೊರಹೋಗುವ ದಾರಿ ಅದು. ಅಲ್ಲಿಂದ ಸದಾ ಗಾಳಿ ಬರುತ್ತಲೇ ಇರಬೇಕು. ಶಬ್ದ ಬರುತ್ತದೆಂದು ಅದಕ್ಕೆ ಟೇಪು ಅಂಟಿಸಿದವರನ್ನು ನೋಡಿದ್ದೇನೆ, ಅದು ಅಪಾಯ.

ಇಷ್ಟು ಮಾಡಿದ ಮೇಲೂ ಕಣ್ಣಿನ ಕಡೆ ಸೋರಿದರೆ ಅಳತೆಯೇ ದೊಡ್ಡದಾಗಿರಬಹುದು. ಮೂಗು, ಬಾಯಿ ಎರಡನ್ನೂ ಮುಚ್ಚುವ ಇಂಥ ಫುಲ್ ಫೇಸ್ ಮಾಸ್ಕಿನ ಅಳತೆಯನ್ನು ಬಾಯಿ ಸ್ವಲ್ಪ ತೆರೆದಿರುವಾಗ, ಮೂಗಿನ ಮೇಲ್ಭಾಗದಿಂದ ಕೆಳತುಟಿಯ ಕೆಳಗಿನ ತಗ್ಗಿನವರೆಗೆ ನೋಡುತ್ತಾರೆ. ದೊಡ್ಡ ಮಾಸ್ಕ್ ಆರಾಮ ಎಂದುಕೊಂಡು ಕೊಳ್ಳುವವರು ಬಹಳ. ಆದರೆ ಅದು ಮೇಲೆ ಕಣ್ಣಿನ ಮೂಲೆಗೆ, ಕೆಳಗೆ ಗಲ್ಲದ ತುದಿಗೆ ತಾಗಿ ಎರಡೂ ಕಡೆ ಸೋರುತ್ತದೆ. ಅನೇಕ ಮಾಸ್ಕುಗಳಲ್ಲಿ ಕುಶನ್ ಒಂದನ್ನೇ ಬೇರೆ ಅಳತೆಗೆ ಬದಲಾಯಿಸಬಹುದು, ಇಡೀ ಮಾಸ್ಕ್ ಕೊಳ್ಳಬೇಕಿಲ್ಲ. ಮೊದಲು ಅದನ್ನು ಕೇಳಿ.

ಆದರೆ ನಿಮ್ಮ ಅತ್ತೆಗೆ ಈ ಬಗೆಯ ಮಾಸ್ಕೇ ಬೇಕೇ ಎಂಬುದು ನನ್ನ ನಿಜವಾದ ಪ್ರಶ್ನೆ. ಮೂಗು, ಬಾಯಿ ಎರಡನ್ನೂ ಮುಚ್ಚಿದರೆ ತಕರಾರಿಲ್ಲ ಎಂದು ಬಂದವರಿಗೆಲ್ಲ ಫುಲ್ ಫೇಸ್ ಕೊಟ್ಟು ಕಳಿಸುವ ರೂಢಿ ನಮ್ಮಲ್ಲಿ ಬೆಳೆದಿದೆ. ಅದನ್ನು ನಾನು ಒಪ್ಪುವುದಿಲ್ಲ. ಅಂಚು ಉದ್ದವಾದಷ್ಟೂ ಸೋರುವ ಜಾಗ ಹೆಚ್ಚು. ಬಿಗಿದಾಗ ಅದು ದವಡೆಯನ್ನು ಹಿಂದಕ್ಕೆ ತಳ್ಳುತ್ತದೆ, ನಾಲಗೆಯೂ ಹಿಂದೆ ಸರಿಯುತ್ತದೆ, ತೆರೆಯಬೇಕಾದ ದಾರಿಯೇ ಕಿರಿದಾಗುತ್ತದೆ. ಮೂಗಿನಿಂದ ಉಸಿರಾಡಬಲ್ಲವರಿಗೆ ಮೂಗಿನ ಮಾಸ್ಕೇ ಮೊದಲ ಆಯ್ಕೆಯಾಗಬೇಕು. ‘ಅವರು ಬಾಯಿ ಬಿಟ್ಟು ಮಲಗುತ್ತಾರೆ’ ಎಂಬ ಮಾತು ಅಡ್ಡ ಬರುತ್ತದೆ. ಉಸಿರು ಕಟ್ಟುವುದರಿಂದಲೇ ಎಷ್ಟೋ ಮಂದಿ ಬಾಯಿ ಬಿಟ್ಟಿರುತ್ತಾರೆ, ಸಿಪ್ಯಾಪ್ ಗಾಳಿ ಸರಿಯಾಗಿ ಸಿಕ್ಕಿದ ಮೇಲೆ ಅನೇಕರ ಬಾಯಿ ತಾನಾಗಿ ಮುಚ್ಚುತ್ತದೆ.

ಪರೀಕ್ಷೆ ಸುಲಭ. ಅತ್ತೆಯವರು ಮಲಗಿಕೊಂಡು, ಬಾಯಿ ಮುಚ್ಚಿ, ಐದು ನಿಮಿಷ ಮೂಗಿನಲ್ಲೇ ಉಸಿರಾಡಲಿ. ನಿರಾಯಾಸವಾಗಿ ಆದರೆ ಮೂಗಿನ ಮಾಸ್ಕ್ ಕೇಳಿ. ಆಗದಿದ್ದರೆ ಮೊದಲು ಮೂಗಿನ ಚಿಕಿತ್ಸೆ. ನಿಮ್ಮ ಮನೆಯಲ್ಲಿ ನೂಲು ಬಿಚ್ಚುವ ಕೆಲಸವಿದೆ ಎಂದಿರಿ. ಗೂಡು ಬೇಯಿಸುವ ಹಬೆ, ರೇಷ್ಮೆಯ, ಹುಳುವಿನ ಸೂಕ್ಷ್ಮ ಕಣಗಳು ಕೆಲವರಿಗೆ ಅಲರ್ಜಿ ತರುತ್ತವೆ. ಮೂಗು ಕಟ್ಟುವುದು, ಸೀನು, ಕೆಲವೊಮ್ಮೆ ದಮ್ಮು ಕೂಡ. ಸಂಜೆಯ ಹೊತ್ತಿಗೆ ಅತ್ತೆಯವರ ಮೂಗು ಕಟ್ಟುತ್ತದೆಯೇ, ಘಟಕಕ್ಕೆ ಹೋಗದ ದಿನ ಹಗುರವಾಗಿರುತ್ತದೆಯೇ ಎಂದು ಗಮನಿಸಿ ಕಿವಿ ಮೂಗು ಗಂಟಲು ವೈದ್ಯರಿಗೆ ಹೇಳಿ. ಉಪ್ಪು ನೀರಿನ ಸ್ಪ್ರೇ, ಬೇಕಾದರೆ ಅವರು ಬರೆದುಕೊಡುವ ಔಷಧದ ಸ್ಪ್ರೇ, ಯಂತ್ರಕ್ಕೆ ಗಾಳಿಯನ್ನು ತೇವಗೊಳಿಸುವ ಹ್ಯುಮಿಡಿಫೈಯರ್, ಇಷ್ಟರಲ್ಲೇ ಅನೇಕರ ಮೂಗು ತೆರೆಯುತ್ತದೆ. ಮೂಗು ತೆರೆದ ಮೇಲೂ ಬಾಯಿಯಿಂದ ಗಾಳಿ ಹೋಗುತ್ತಿದ್ದರೆ ಗಲ್ಲದ ಪಟ್ಟಿ ಪ್ರಯತ್ನಿಸಬಹುದು. ಬಾಯಿಗೆ ಟೇಪು ಅಂಟಿಸುವ ಸಲಹೆ ಮೊಬೈಲಿನಲ್ಲಿ ಓಡಾಡುತ್ತಿದೆ, ವೈದ್ಯರನ್ನು ಕೇಳದೆ ಅದು ಬೇಡ.

ಮೂಗಿನ ಮಾಸ್ಕಿನಲ್ಲೂ ಮೂರು ಬಗೆ. ಇಡೀ ಮೂಗನ್ನು ತ್ರಿಕೋನವಾಗಿ ಮುಚ್ಚುವುದು ಒಂದು. ಮೂಗಿನ ಕೆಳಗೆ ತೊಟ್ಟಿಲಿನಂತೆ ಕೂರುವುದು ಇನ್ನೊಂದು. ಎರಡು ಹೊಳ್ಳೆಗೂ ಪುಟ್ಟ ಮೆತ್ತೆಗಳು ಒತ್ತಿಕೊಳ್ಳುವ ‘ನೇಸಲ್ ಪಿಲ್ಲೋ’ ಮೂರನೆಯದು. ಗಾಯ ಇರುವ ನಿಮ್ಮ ಅತ್ತೆಗೆ ಮೂಗಿನ ಮೇಲ್ಭಾಗವನ್ನು ಮುಟ್ಟದ ಎರಡನೆಯ ಬಗೆ ಒಳ್ಳೆಯದು. ಕಣ್ಣಿಗೆ ಗಾಳಿ ಹೊಡೆಯುವುದೂ ಅದರಿಂದ ತಪ್ಪುತ್ತದೆ. ಎಷ್ಟು ಮಾಡಿದರೂ ಮಾಸ್ಕ್ ಬಾಯಿಯನ್ನೂ ಮುಚ್ಚಲೇಬೇಕು ಎಂದಾದರೆ, ಮೂಗಿನ ಕೆಳಗಿನಿಂದಲೇ ಶುರುವಾಗಿ ಬಾಯಿಯನ್ನೂ ಮುಚ್ಚುವ ಮಾಸ್ಕುಗಳಿವೆ, ಅದನ್ನೇ ಕೇಳಿ.

ಮೂಗುತಿಯ ಬಗ್ಗೆ ನೀವು ಬರೆದದ್ದು ಒಳ್ಳೆಯದಾಯಿತು. ಮಾಸ್ಕ್ ತಯಾರಿಸುವವರ ಸೂಚನೆಯ ಹಾಳೆಗಳಲ್ಲಿ ಮೀಸೆ, ಗಡ್ಡದ ಮಾತು ಕಾಣುತ್ತದೆ, ಮೂಗುತಿಯ ಮಾತು ನನಗೆ ಕಂಡಿಲ್ಲ. ನಮ್ಮ ಹೆಂಗಸರಿಗೆ ಅದು ದೊಡ್ಡ ವಿಷಯ. ‘ಮೂಗುತಿ ತೆಗೆದು ಬನ್ನಿ’ ಎಂದದ್ದಕ್ಕೇ ಚಿಕಿತ್ಸೆಯನ್ನು ಬಿಟ್ಟವರಿದ್ದಾರೆ. ಮದುವೆಯ ದಿನದಿಂದ ಇರುವ ಮೂಗುತಿ, ಕೆಲವರದು ತಿರುಪು ಸವೆದು ಬಿಚ್ಚಲೂ ಬರುವುದಿಲ್ಲ. ಅತ್ತೆಯವರಿಗೆ ಮನಸ್ಸಿಲ್ಲದಿದ್ದರೆ ತೆಗೆಯಿರಿ ಎಂದು ಒತ್ತಾಯಿಸಬೇಡಿ, ಮೂಗುತಿಗೆ ಹೊಂದುವ ಮಾಸ್ಕ್ ಹುಡುಕಿ. ಮೂಗುತಿಯ ಹರಳು ಹೊರಗಿದ್ದರೆ ತಿರುಪು ಹೊಳ್ಳೆಯ ಒಳಗಿರುತ್ತದೆ. ಪಿಲ್ಲೋ ಬಗೆಯ ಮೆತ್ತೆ ಅದಕ್ಕೇ ತಾಗಿ ಒಳಚರ್ಮ ಕೆರೆಯುತ್ತದೆ, ಸಿಲಿಕೋನೂ ಹರಿಯುತ್ತದೆ. ಆದ್ದರಿಂದ ಪಿಲ್ಲೋ ಅವರಿಗೆ ಬೇಡ. ತೊಟ್ಟಿಲಿನಂಥದ್ದರಲ್ಲಿ ಅಂಚು ಹೊಳ್ಳೆಯ ಪಕ್ಕಕ್ಕೆ ಎಷ್ಟು ಏರುತ್ತದೆ ನೋಡಿ. ಹರಳಿನ ಮೇಲೆ ಕೂತರೆ ಸೋರುತ್ತದೆ, ಕೆಳಗೇ ನಿಂತರೆ ಸರಿ. ಗಾಯ ಮಾಗಿದ ಮೇಲೆ ತ್ರಿಕೋನದ ಮಾಸ್ಕೂ ಆದೀತು, ಅದರಲ್ಲಿ ಮೂಗುತಿ ಪೂರ್ತಿ ಒಳಗೇ ಉಳಿಯುತ್ತದೆ. ಚೂಪಾದ ತಿರುಪನ್ನು ಚಪ್ಪಟೆ ಮಾಡಿಕೊಡಲು ಅಕ್ಕಸಾಲಿಗರನ್ನು ಕೇಳಬಹುದು, ಹಾಗೆ ಮಾಡಿಸಿಕೊಂಡು ಬಂದವರಿಗೆ ಅನುಕೂಲವಾಗಿದೆ.

ತಲೆಯ ಹಿಂದಿನ ಪಟ್ಟಿ ತಲೆಬುರುಡೆಯ ಉಬ್ಬಿನ ಕೆಳಗೆ ಕೂರಬೇಕು. ತುರುಬಿದ್ದರೆ ಅದು ಪಟ್ಟಿಯನ್ನು ಮೇಲಕ್ಕೆ ತಳ್ಳುತ್ತದೆ, ಮುಂದೆ ಮಾಸ್ಕ್ ವಾಲುತ್ತದೆ. ರಾತ್ರಿ ಸಡಿಲ ಜಡೆ ಹೆಣೆದು ಭುಜದ ಮುಂದಕ್ಕೆ ಹಾಕಿಕೊಳ್ಳಲಿ. ಕೊಳವೆಯನ್ನು ತಲೆಯ ಮೇಲಿಂದ ತಂದು ಮಂಚದ ತಲೆದೆಸೆಗೋ ಕಿಟಕಿಯ ಸರಳಿಗೋ ಬಟ್ಟೆಯ ತುಂಡಿನಿಂದ ಸಡಿಲವಾಗಿ ಕಟ್ಟಿದರೆ ಹೊರಳುವಾಗ ಮಾಸ್ಕನ್ನು ಎಳೆಯುವುದಿಲ್ಲ.

ಇಲ್ಲೊಂದು ಹಳೆಯ ಸಂಗತಿ ಹೇಳಬೇಕೆನಿಸುತ್ತದೆ. ಸಿಪ್ಯಾಪ್ ಚಿಕಿತ್ಸೆಯನ್ನು ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಜೊತೆಗಾರರು 1981ರಲ್ಲಿ ಐದು ರೋಗಿಗಳ ಅನುಭವದೊಂದಿಗೆ ಪ್ರಕಟಿಸಿದರು. ಆರಂಭದ ವರ್ಷಗಳಲ್ಲಿ ಒಬ್ಬೊಬ್ಬ ರೋಗಿಯ ಮೂಗಿನ ಅಚ್ಚು ತೆಗೆದು, ಆ ಮೂಗಿಗೆಂದೇ ಮಾಸ್ಕ್ ಮಾಡಿ, ರಾತ್ರಿ ಅಂಟಿನಿಂದ ಅಂಟಿಸುತ್ತಿದ್ದರು. ಎಷ್ಟು ಕಷ್ಟವಿತ್ತೋ, ಆದರೆ ಮುಖ ನೋಡಿ ಮಾಸ್ಕ್ ಮಾಡುತ್ತಿದ್ದರು. ಈಗ ಸಣ್ಣದು, ಮಧ್ಯಮ, ದೊಡ್ಡದು ಎಂದು ಪೆಟ್ಟಿಗೆಯಲ್ಲಿ ಬರುತ್ತದೆ. ಮುಖ ನೋಡುವ ಕೆಲಸ ಮಾತ್ರ ಹಾಗೆಯೇ ಉಳಿದಿದೆ, ಅದನ್ನು ಯಾರಾದರೂ ಮಾಡಲೇಬೇಕು.

ಆನ್‌ಲೈನ್ ಖರೀದಿಗೆ ನನ್ನ ತಕರಾರು ಇದೇ. ಹಾಕಿ ನೋಡುವ ಅವಕಾಶವಿಲ್ಲ. ಅದಕ್ಕಿಂತ ದೊಡ್ಡ ಅಪಾಯ, ಆಸ್ಪತ್ರೆಯ ಬೇರೆ ಯಂತ್ರಗಳಿಗೆ ಬಳಸುವ, ಉಸಿರು ಹೊರಹೋಗುವ ರಂಧ್ರವೇ ಇಲ್ಲದ ಮಾಸ್ಕುಗಳೂ ಅಲ್ಲಿ ಸಿಗುತ್ತವೆ. ನೋಡಲು ಒಂದೇ ತರಹ, ಕೊಳವೆ ಸೇರುವ ಮೊಣಕೈಯಂಥ ಭಾಗ ಹೆಚ್ಚಾಗಿ ನೀಲಿ ಬಣ್ಣದ್ದು. ಮನೆಯ ಸಿಪ್ಯಾಪಿಗೆ ಅದನ್ನು ಜೋಡಿಸಲೇಬಾರದು. ಒಮ್ಮೆ ಮಾದರಿ, ಅಳತೆ ಎರಡೂ ಗೊತ್ತಾದ ಮೇಲೆ ಅದೇ ಕುಶನ್ನನ್ನು ಎಲ್ಲಿಂದ ತರಿಸಿದರೂ ಸರಿ. ಇನ್ನೊಂದು ಎಚ್ಚರಿಕೆ: ಕೆಲವು ಮಾಸ್ಕುಗಳ ಕೊಂಡಿಯಲ್ಲಿ ಅಯಸ್ಕಾಂತ ಇರುತ್ತದೆ. ಅತ್ತೆಗೆ ಅಥವಾ ಪಕ್ಕದಲ್ಲಿ ಮಲಗುವವರಿಗೆ ಪೇಸ್‌ಮೇಕರ್, ತಲೆಯೊಳಗೆ ಲೋಹದ ಕ್ಲಿಪ್ಪು ಇಂಥದ್ದು ಇದ್ದರೆ ಅಯಸ್ಕಾಂತವಿಲ್ಲದ್ದನ್ನೇ ಕೊಳ್ಳಿ.

ಕುಶನ್ನನ್ನು ದಿನವೂ ಮೃದು ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಸ್ಪಿರಿಟ್, ಡೆಟಾಲ್ ಬೇಡ, ವ್ಯಾಸಲೀನ್ ಬೇಡ. ಹ್ಯುಮಿಡಿಫೈಯರಿಗೆ ನಮ್ಮ ಕಡೆಯ ಕೊಳವೆ ಬಾವಿ ನೀರು ಹಾಕಿದರೆ ಬಿಳಿ ಪೊರೆ ಕಟ್ಟುತ್ತದೆ, ಡಿಸ್ಟಿಲ್ಡ್ ನೀರನ್ನೇ ಬಳಸಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೊಳವೆಯಲ್ಲಿ ನೀರು ಕಟ್ಟಿ ಮೂಗಿಗೆ ಬಂದರೆ ಯಂತ್ರವನ್ನು ಮಂಚಕ್ಕಿಂತ ಕೆಳಗಿಡಿ, ಕೊಳವೆಗೆ ಬಟ್ಟೆ ಸುತ್ತಿ.

ಮೂರು ತಿಂಗಳ ಕಷ್ಟದಿಂದ ಅತ್ತೆಗೆ ಮಾಸ್ಕ್ ಎಂದರೇ ಭಯ ಹುಟ್ಟಿರಬಹುದು. ಹೊಸದು ಬಂದ ದಿನವೇ ರಾತ್ರಿಗೆ ಕಟ್ಟಬೇಡಿ. ಸಂಜೆ ಟಿವಿ ನೋಡುತ್ತಾ ಕೂತಾಗ ಅವರೇ ಕೈಯಲ್ಲಿ ಹಿಡಿದು ಮುಖಕ್ಕೆ ಇಟ್ಟುಕೊಳ್ಳಲಿ, ಪಟ್ಟಿ ಬೇಡ. ಮರುದಿನ ಯಂತ್ರದ ಗಾಳಿಯೊಂದಿಗೆ ಹತ್ತು ನಿಮಿಷ. ಆಮೇಲೆ ಪಟ್ಟಿ ಹಾಕಿ ಅರ್ಧ ಗಂಟೆ. ಮಾಸ್ಕನ್ನು ತಾವೇ ಒಂದು ಕೈಯಲ್ಲಿ ಬಿಚ್ಚುವುದು ಅವರಿಗೆ ಬರಬೇಕು. ಬೇಕೆಂದಾಗ ತೆಗೆಯಬಲ್ಲೆ ಎಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಸರಿಹೋಯಿತೋ ಇಲ್ಲವೋ ಎಂದು ತಿಳಿಯಲು ಬೆಳಿಗ್ಗೆ ಯಂತ್ರದ ಪರದೆ ನೋಡಿ: ಎಷ್ಟು ಗಂಟೆ ಬಳಸಿದರು, ಉಳಿದ ಎಎಚ್‌ಐ ಎಷ್ಟು, ಸೋರಿಕೆ ಎಷ್ಟು. ಎಎಚ್‌ಐ 5ರ ಒಳಗೆ ಬಂದರೆ ಚೆನ್ನ. ಸೋರಿಕೆಯ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ರೆಸ್‌ಮೆಡ್ ಯಂತ್ರಗಳಲ್ಲಿ ನಿಮಿಷಕ್ಕೆ 24 ಲೀಟರ್ ಗಡಿ. ಎರಡು ವಾರದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮಾಸ್ಕ್ ಒಪ್ಪಿದ ಮೇಲೂ ಸೋರಿಕೆ ಇಳಿಯದಿದ್ದರೆ ಒತ್ತಡವನ್ನು ಮರುಪರಿಶೀಲಿಸಲು ವೈದ್ಯರಿಗೆ ಆ ಚೀಟಿ ಬೇಕಾಗುತ್ತದೆ.

ಈ ವಾರವೇ ಮಾಸ್ಕ್ ಕೊಟ್ಟವರ ಬಳಿ ಹೋಗಿ. ಗಾಯವನ್ನು ತೋರಿಸಿ, ಬೇರೆ ಬಗೆಯ ಎರಡು ಮೂರು ಮಾಸ್ಕುಗಳನ್ನು ಮಲಗಿಸಿ ಹಾಕಿ ನೋಡಬೇಕು ಎಂದು ಹೇಳಿ. ಒಪ್ಪದಿದ್ದರೆ ನಿದ್ರೆಯ ಪರೀಕ್ಷೆ ಮಾಡಿದ ಕಡೆಯೇ ಕೇಳಿ. ಹೋಗುವಾಗ ಯಂತ್ರ, ವರದಿ, ಈಗಿನ ಮಾಸ್ಕ್, ಅತ್ತೆಯವರ ದಿಂಬು, ಹಲ್ಲಿನ ಸೆಟ್ಟು ತೆಗೆದಿಡಲು ಒಂದು ಡಬ್ಬಿ, ಇವಿಷ್ಟನ್ನೂ ಜೊತೆಗೆ ತೆಗೆದುಕೊಂಡು ಹೋಗಿ.